ಒಂದೇ ಇತ್ತಲ್ಲ ಜಾಕೀಟು

ಕಾಫಿ ಸೋಸುತ್ತಿದ್ದ ಮಾದೇವಮ್ಮನ ಕಾಲ ಕೆಳಗೆ ನೆಲ ಎಡಕ್ಕೆ ವಾಲಿತು, ಅವಳು ಒಲೆಯ ಕಟ್ಟೆ ಹಿಡಿದುಕೊಂಡಳು — ಇದು ಮಂಡಿ ಮೊಹಲ್ಲಾ, ಸ್ವಂತ ಮನೆ, ಕಲ್ಲಿನ ನೆಲ, ಹಡಗು ಇಳಿದು ಆರು ದಿನವಾಯಿತು, ಆದರೂ ವಾಲುತ್ತದಲ್ಲ, ಬೀದಿಯಲ್ಲಿ ಬೆಲ್ಲದ ಗಾಡಿಯ ಎತ್ತಿನ ಗಂಟೆ ಕೇಳಿದರೂ ಎಷ್ಟು ಸಲವೆಂದು ಎಣಿಸುತ್ತಾಳೆ, ಏಳು ಸಲ ಗಿಡ್ಡಕ್ಕೆ, ಆಮೇಲೆ ಒಂದು ಸಲ ಉದ್ದಕ್ಕೆ, ಹಾಗೆ ಹೊಡೆದರೆ ಹಡಗಿಗೆ ಅಪಾಯ, ಯಾರು ಹೇಳಿದ್ದು, ಗಂಡ ಗುರುಸಿದ್ದಯ್ಯನವರೇ ಅಲ್ಲವೇ, ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಆಸೆಪಟ್ಟು, ಮಂಡಿ ಬಾಗಿಲು ಹಾಕಿ, ಬೊಂಬಾಯಿಂದ ಕೊಲಂಬೋಗೆ ಹೋಗಿ ಬರುವ ಹಡಗು ಹತ್ತಿಸಿದವರು, ಕೋಣೆಯ ಬಾಗಿಲಿಗೆ ಅಂಟಿಸಿದ್ದ ಇಂಗ್ಲಿಷ್ ಕಾಗದದ ಮೇಲೆ ಬೆರಳಿಟ್ಟು, ಕಂಬಿ ಮೇಲೆ ಬಗ್ಗಬಾರ್ದು, ಗಂಟೆ ಹೊಡುದ್ರೆ ನೀರಲ್ಲಿ ತೇಲ್ಸೋ ಜಾಕೀಟು ಹಾಕ್ಕಂಡು ಮೇಲಕ್ಕೆ ಓಡೋದು, ಯಾರ್ಗೂ ಕಾಯೋದಲ್ಲ, ತಿಳೀತೇನೇ ಅಂದರು, ತಿಳೀತು ಅಂದಳು, ಯಾರಿಗೂ ಅಂದರೆ ಗಂಡನಿಗೂನಾ, ಆಗಲೇ ಕೇಳಬೇಕಿತ್ತು — ಕೇಳಿದ್ದರೆ ನಗುತ್ತಿದ್ದರು.

ಹಡಗು ಹತ್ತಿದ ಮೂರನೆಯ ದಿನ ಮಧ್ಯಾಹ್ನ, ಬೆಳಗಿನಿಂದ ವಾಂತಿ ಮಾಡಿಕೊಂಡು ಅವರು ಗೋಡೆಗೆ ಮುಖ ಹಾಕಿ ಮಲಗಿದ್ದರು, ಗಂಟೆ ಹೊಡೆಯಿತು, ಅವರ ತಲೆಯ ಮೇಲಿನ ಹಲಗೆಯಿಂದ ಒಂದು ಜಾಕೀಟು ಎಳೆದುಕೊಂಡು ಓಡಿದಳು, ಇನ್ನೊಂದು ಅಲ್ಲೇ ಇತ್ತು, ಇತ್ತಲ್ಲ, ಒಳಗೆ ಸರಿದಿತ್ತೇನೋ, ಓಡುವಾಗ ಮಾದೇವಿ ಅಂತ ಕೂಗು ಕೇಳಿತಾ, ಇಲ್ಲ, ಅದು ನೀರಿನ ಸದ್ದು, ನೀರು ಮಾದೇವಿ ಅನ್ನುತ್ತದೆಯೇ, ಮೇಲೆ ಜನವೋ ಜನ, ದಾರ ಕಟ್ಟಿಕೊಳ್ಳುವಾಗ ಅವಳ ಬೆರಳು ನಡುಗಲಿಲ್ಲ, ಅದೇ, ಒಂದು ಚೂರೂ ನಡುಗಲಿಲ್ಲ, ಆಮೇಲೆ ಹಡಗಿನವನು ಇದು ಬರೀ ಅಭ್ಯಾಸ ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುತ್ತಲೇ ಮೆಟ್ಟಿಲ ಕಡೆ ತಿರುಗಿದಳು —

ಈಗ ನಡುಮನೆಯಿಂದ ಗಂಡನ ದನಿ, ಪಕ್ಕದ ಮನೆ ಭಾಗ್ಯಮ್ಮನಿಗೆ ಹೇಳುತ್ತಿದ್ದಾರೆ, ನಮ್ಮೋಳು ಬಲು ಚುರುಕು ಕಣಮ್ಮ, ಹಡಗಲ್ಲಿ ಗಂಟೆ ಹೊಡೀತಿದ್ದಂಗೆ ಎಲ್ಲರಿಗಿಂತ ಮುಂಚೆ ಹೋಗಿ ನಿಂತವ್ಳೆ, ಇದು ಹೊಗಳಿಕೆಯೋ ಚುಚ್ಚುಮಾತೋ, ಆರು ದಿನದಿಂದ ಬಂದವರಿಗೆಲ್ಲ ಇದನ್ನೇ ಹೇಳುತ್ತಾರೆ, ನೀವೆಲ್ಲಿದ್ರಿ ಆಗ ಅಂತ ಭಾಗ್ಯಮ್ಮ ಕೇಳುತ್ತಾಳೆ, ಇದುವರೆಗೆ ಯಾರೂ ಕೇಳಿರಲಿಲ್ಲ, ನಾನು ಇವಳ ಹಿಂದೇನೇ ಇದ್ದೆ ಬುಡಮ್ಮ ಅನ್ನುತ್ತಾರೆ, ಹಿಂದೆಯೇ, ಯಾಕೆ ಹಾಗಂದರು, ಲೋಟ ಹಿಡಿದು ಬಾಗಿಲಲ್ಲಿ ನಿಂತ ಮಾದೇವಮ್ಮನ ಬಾಯಿಂದ ತಾನಾಗಿಯೇ ಬಂತು, ಹಿಂದೆ ಇರ್ಲಿಲ್ಲ ಭಾಗ್ಯಮ್ಮ, ಮಲಗಿದ್ರು, ನಾನೇ ಬುಟ್ಟು ಓಡ್ಬುಟ್ಟೆ. ಯಾರೂ ನಗಲಿಲ್ಲ. ಅವರು ಲೋಟ ಇಸಕೊಂಡು, ಬಿಸಿ ಐತೆ, ಹುಷಾರು ಅಂದರು, ಅಷ್ಟೇ, ಬೈಯಬಾರದೇ, ಬೈದಿದ್ದರೆ ಮುಗಿಯುತ್ತಿತ್ತು, ಅವತ್ತು ಹಡಗಿನಲ್ಲೂ ಬೈಯಲಿಲ್ಲ, ಗೋಡೆ ಹಿಡಿದು, ಬರಿಗಾಲಲ್ಲಿ, ಎಲ್ಲರಿಗಿಂತ ಕೊನೆಗೆ ಮೆಟ್ಟಿಲು ಹತ್ತಿ ಬಂದರು, ಮೈಮೇಲೆ ಪಂಚೆ ಬನಿಯನ್ ಬಿಟ್ಟರೆ ಏನೂ ಇಲ್ಲ, ಜಾಕೀಟು ಕೈಯಲ್ಲಿ, ಒಂದೇ ಇತ್ತಲ್ಲೇ, ನಿಂಗೆ ಅಂತ ತಂದೆ — ಅವಳ ಮೈಮೇಲೆ ಆಗಲೇ ಒಂದು, ಬಿಗಿಯಾಗಿ ಕಟ್ಟಿದ್ದು, ಅವರು ನೋಡಿದರು, ನೋಡಿಯೂ ಕೈ ಇಳಿಸಲಿಲ್ಲ, ಅವಳು ತೋಳು ತೂರಿಸಲಿ ಅಂತ ಎರಡೂ ಕೈಯಲ್ಲಿ ಅಗಲಿಸಿ ಹಿಡಿದ ಜಾಕೀಟು, ದಾರಗಳು ಗಾಳಿಗೆ ಪಟಪಟ ಅನ್ನುತ್ತವೆ, ಅಗಲಿಸಿ ಹಿಡಿದ ಜಾಕೀಟು, ಅಗಲಿಸಿ ಹಿಡಿದ