ಪೆದ್ದಣ್ಣನ ಗೋಡೆ, ದೊರೆಸಾನಿಯ ಮರಿಗಳು

ಸಿದ್ದಾಪುರದವರು ಪ್ಲೇಗಿಗೆ ಹೆದರಿ ಊರು ಬಿಟ್ಟು, ಬಂಡೆಗಳ ನಡುವೆ ಗುಡಿಸಲು ಹಾಕಿಕೊಂಡಿದ್ದು, ತಿರುಗಿ ಮನೆ ಸೇರಿದ ವರ್ಷದ ಮಾತು ಇದು. ಆ ಊರಲ್ಲಿ ಪೆದ್ದಣ್ಣ ಎಂಬ ಕಲ್ಲುಕೆಲಸದವನಿದ್ದ. ಅವನು ಕಟ್ಟಿದ ಬಾವಿಯ ಗೋಡೆಯಲ್ಲಿ ಇರುವೆಗೂ ಸಂದು ಸಿಗುತ್ತಿರಲಿಲ್ಲ. ಇರುವೆಗಳು ಮನುಷ್ಯರ ಹಾಗೆ ಮೆಟ್ಟಿಲಿಳಿದೇ ನೀರಿಗೆ ಹೋಗುತ್ತಿದ್ದವು. ನಾನೇ ನೋಡಿದ್ದೇನೆ.

ಅವನ ಹೆಂಡತಿ ಪಾಲಮ್ಮನ ಹತ್ತಿರ ಒಂದು ಹೆಣ್ಣು ಹಂದಿ ಇತ್ತು. ಹೆಸರು ದೊರೆಸಾನಿ. ತಾಯಿಯಿಲ್ಲದ ಮರಿಯನ್ನು ಪಾಲಮ್ಮ ರಾಗಿ ಗಂಜಿ ಕುಡಿಸಿ, ಮಡಿಲಲ್ಲಿಟ್ಟುಕೊಂಡು ಸಾಕಿದ್ದಳು. ಈಗ ಅದು ಧೊಪ್ಪೆಂದು ಮಲಗಿದರೆ ನೆಲ ಅದುರಿ, ಜಟಿಂಗ ರಾಮೇಶ್ವರದ ಬೆಟ್ಟದ ಮೇಲೆ ಗಂಟೆ ತಾನಾಗಿ ಹೊಡೆದುಕೊಳ್ಳುತ್ತಿತ್ತು. ಪೂಜಾರಿ ಮೊದಮೊದಲು ಯಾರು ಬಂದರೆಂದು ಹೊರಗೆ ಬಂದು ನೋಡುತ್ತಿದ್ದರು. ಆಮೇಲೆ ಬಿಟ್ಟರು.

ದೊರೆಸಾನಿ ಎರಡು ಸೂಲು ಮರಿ ಹಾಕಿತ್ತು. ಎರಡು ಸಲವೂ ಮರಿಗಳು ಒಂದೊಂದಾಗಿ ಸತ್ತು, ಪೆದ್ದಣ್ಣನೇ ಕಟ್ಟಿದ ಕಲ್ಲಿನ ಗೂಡು ಖಾಲಿಯಾಯಿತು.

"ಇದು ಮಾರಣ್ಣನ ಕಣ್ಣು," ಎಂದ ಪೆದ್ದಣ್ಣ.

ಮಾರಣ್ಣ ಪಕ್ಕದ ಮನೆಯವನು. ಗಾಡಿ ಹೂಡಿಕೊಂಡು ಹೋಗಿ ಮರದ ಉದ್ದನೆಯ ಗಳು ತಂದು ಮಾರುತ್ತಿದ್ದ. ಹಿತ್ತಲಿಗೆ ಬಂದಾಗಲೆಲ್ಲ ಹಂದಿಗೂಡಿನ ಕಡೆ ಇಣುಕಿ, "ಚೆನ್ನಾಗವೆ ಕಣಣ್ಣ ಮರಿಗಳು" ಎನ್ನುತ್ತಿದ್ದ. ಅಷ್ಟೇ ಅವನ ತಪ್ಪು.

ಪೆದ್ದಣ್ಣ ದೃಷ್ಟಿ ತಾಗದಂತೆ ಗೂಡಿನ ಕಲ್ಲುಗೋಡೆ ಎತ್ತರಿಸಿದ. ಒಳಗಿನ ಜಾಗವನ್ನೂ ಇಕ್ಕಟ್ಟು ಮಾಡಿದ. ಗೋಡೆ ಎಷ್ಟು ಎತ್ತರವಾಯಿತೆಂದರೆ, ವರವು ಕಾವಲಿನ ಹುಲ್ಲುಗಾವಲ ಕಡೆ ಹಾರುವ ಕೊಕ್ಕರೆಗಳು ಅಲ್ಲಿ ಸ್ವಲ್ಪ ಕೂತು ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದವು. ಮಾರಣ್ಣನ ಜೊತೆ ಮಾತೂ ನಿಂತಿತು.

ದೊರೆಸಾನಿ ಮತ್ತೆ ಗಬ್ಬವಾಯಿತು.

"ಈ ಸಲಾನೂ ಮರಿ ಉಳಿಲಿಲ್ಲ ಅಂದ್ರೆ ಚಳ್ಳಕೆರೆ ಸಂತೆಗೆ ಹೊಡ್ಕಂಡು ಹೋಗ್ತೀನಿ. ಮಾಂಸದೋನಿಗೆ ಮಾತು ಕೊಟ್ಟೀನಿ," ಎಂದ ಪೆದ್ದಣ್ಣ.

"ಮಗೀನಂಗೆ ಸಾಕೀನಿ ಕಣಯ್ಯ!"

"ಮಗ ಆದ್ರೆ ದುಡಿಯಾಕೆ ಕಳಿಸ್ತಿದ್ದೆ. ಇದನ್ನ ಎಲ್ಲಿಗೆ ಕಳಿಸ್ಲಿ?"

ಪಾಲಮ್ಮ ಜಗಳ ಆಡಲಿಲ್ಲ. ಅವತ್ತಿನಿಂದ ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟಳು.

ಅಷ್ಟರಲ್ಲಿ ಪೆದ್ದಣ್ಣನ ಅಕ್ಕ ಲಕ್ಷ್ಮಕ್ಕ ಬಂದಳು. ರಾಂಪುರಕ್ಕೆ ಕೊಟ್ಟ ಹೆಣ್ಣುಮಗಳು. ಗಂಡನ ಮನೆಯಲ್ಲಿ ಹಂದಿ ಸಾಕಿ ಕೈ ಪಳಗಿತ್ತು. ಒಂದು ತುತ್ತು ಮುದ್ದೆ ನುಂಗಿ, "ಏನೇ ಪಾಲಮ್ಮ, ಈ ಮನೆಗೇನಾಗೈತೆ?" ಎಂದಳು. ಪಾಲಮ್ಮ ಎಲ್ಲ ಹೇಳಿದಳು.

"ಸತ್ತ ಮರಿ ಎಲ್ಲಿ ಸಿಗ್ತಿದ್ವು?"

"ಗೋಡೆ ಬುಡದಾಗೆ ಅಕ್ಕ."

"ನಡುಮಧ್ಯೆ?"

"ಒಂದೂ ಇಲ್ಲ."

ಲಕ್ಷ್ಮಕ್ಕ ತಮ್ಮನ ಕಡೆ ತಿರುಗಿದಳು. "ಮಾರಣ್ಣನ ಕಣ್ಣು ಗೋಡೆ ಬುಡಾನೇ ಹುಡುಕ್ಕಂಡು ಹೋಗಿ ಬೀಳ್ತದೇನೋ?"

"ಅಕ್ಕಾ, ನಿಂಗೆ ಗೋಡೆ ವಿಚಾರ ಗೊತ್ತಾಗಲ್ಲ."

"ಹಂದಿ ವಿಚಾರ ಗೊತ್ತಾಗ್ತದೆ. ಬಾ ಹಂದಿಗೂಡಿನ ತಾವ. ನಿನ್ನ ಎಲೆಅಡಿಕೆ ಚೀಲ ಗೋಡೆ ಬುಡಕ್ಕಿಡು. ಈಗ ಗೋಡೆಗೆ ಬೆನ್ನು ಒರಗಿಸಿ ಹಂಗೇ ಜಾರಿ ಕೂತ್ಕ. ದೊರೆಸಾನಿ ಹಿಂಗೇ ಅಲ್ವೇನೆ ಪಾಲಮ್ಮ ಮಲಗೋದು?"

"ಥೇಟ್ ಹಿಂಗೇ. ಮುಖಾನೂ ಹಿಂಗೇ ಮಾಡ್ತದೆ," ಎಂದಳು ಪಾಲಮ್ಮ.

ಪೆದ್ದಣ್ಣ ಜಾರಿ ಕೂತ. ಕೆಳಗೆ ಪಟ್ ಎಂದಿತು. ಎದ್ದು ನೋಡಿದರೆ ಚೀಲದೊಳಗಿನ ಸುಣ್ಣದ ಡಬ್ಬಿ ಚಪ್ಪಟೆಯಾಗಿ, ಸುಣ್ಣವೆಲ್ಲ ಅವನ ಪಂಚೆಗೆ ಮೆತ್ತಿತ್ತು.

"ಡಬ್ಬಿಗೆ ಯಾರ ದೃಷ್ಟಿ ತಾಗ್ತೋ?" ಎಂದಳು ಅಕ್ಕ. "ಅದು ಬೇಕಂತ ಕೊಲ್ಲಲ್ಲ ಕಣೋ. ಒರಗಿ ಜಾರ್ತದೆ, ಹಿಂದೆ ಮರಿ ಇರ್ತವೆ, ತಪ್ಪಿಸ್ಕಳಾಕೆ ಸಂದಿಲ್ಲ. ನಿನ್ನ ಗೋಡೆ ಕೊಲ್ತಾ ಐತೆ."

ಪೆದ್ದಣ್ಣ ಗೋಡೆಯ ಮೇಲೆ ಕೈಯಾಡಿಸಿದ. ಅವನ ಗೋಡೆಗೆ ಅಂಥ ಮಾತು ಯಾರೂ ಅಂದಿರಲಿಲ್ಲ.

"ಕಿತ್ತಾಕ್ಲಾ?"

"ಯಾಕೆ? ಸುತ್ತ ಗಟ್ಟಿ ಗಳು ಕಟ್ಟು. ನೆಲದಿಂದ ಒಂದು ಗೇಣು ಮ್ಯಾಲೆ, ಗೋಡೆಯಿಂದ ಒಂದು ಗೇಣು ಈಚೆ. ಹಂದಿ ಗಳುವಿಗೆ ಒರಗ್ತದೆ, ಮರಿ ಹಿಂದ್ಗಡೆ ಸಂದಿನಾಗೆ ನುಸೀತವೆ. ಜಾಗ ಅಗಲ ಮಾಡು. ಗೋಡೆ ಇಳಿಸು, ಗಾಳಿ ಆಡ್ಲಿ. ಈ ಬಿಸಿಲಾಗೆ ಹಂದಿಗೆ ಬೆವರೂ ಬರಲ್ಲ, ಬೆಂದೋಗ್ತದೆ. ಮ್ಯಾಲೆ ನೆರಳಿರ್ಲಿ."

"ಗಳು ಎಲ್ಲಿಂದ ತರ್ಲಿ?"

ಇಬ್ಬರು ಹೆಂಗಸರೂ ಪಕ್ಕದ ಮನೆಯ ಕಡೆ ನೋಡಿದರು.

ಪೆದ್ದಣ್ಣ ಮಾರಣ್ಣನ ಬಾಗಿಲಿಗೆ ಹೋಗಿ ಕೆಮ್ಮಿದ. ಒಳಗಿನಿಂದ ಮಾರಣ್ಣನೂ ಕೆಮ್ಮಿದ. ಹೀಗೆ ಸಾಕಷ್ಟು ಕೆಮ್ಮು ಮುಗಿದ ಮೇಲೆ ಗಳು ಬಂತು. ಮಾರಣ್ಣ ತಾನೇ ಹೊತ್ತು ತಂದ. ಪೆದ್ದಣ್ಣ ಉಳಿ ಹಿಡಿದು, ಗಳುವಿನ ತುದಿ ಕೂರಿಸಲು ತನ್ನ ಗೋಡೆಗೆ ತಾನೇ ತೂತು ಕೊರೆದ. ಒಂದೊಂದು ಏಟಿಗೂ ನರಳಿದ.

"ಲೇ ಪೆದ್ದಣ್ಣ, ನಾನು ಗೂಡೊಳಗೆ ನೋಡ್ಬೋದಾ?"

"ಬಾಯಿ ಮುಚ್ಕಂಡು ಗಳು ಹಿಡಿಯಲೇ."

ದೊರೆಸಾನಿ ಮರಿ ಹಾಕಿದಾಗ ಪಾಲಮ್ಮ ಒಣಹುಲ್ಲು ಹಾಸಿದ್ದಳು. ಹುಟ್ಟಿದ ಮರಿಗಳನ್ನು ಒರೆಸಿ, ಹುಟ್ಟುತ್ತಲೇ ತಾಯಿಯ ಮೊದಲ ಹಾಲಿಗೆ ಬಾಯಿ ಹಚ್ಚಿದಳು. ಬಡಕಲು ಮರಿಯನ್ನು ಹೆಚ್ಚು ಹಾಲಿರುವ ಮುಂದಿನ ಮೊಲೆಗೇ ಹಿಡಿದಳು. ಆಮೇಲೆ ದೊರೆಸಾನಿ ಎದ್ದು, ಒಂದು ಸುತ್ತು ತಿರುಗಿ, ಒರಗಿ, ಜಾರಿತು. ಪಾಲಮ್ಮ ಕಣ್ಣು ಮುಚ್ಚಿಕೊಂಡಳು. ಗಳು ಕಿರ್ ಎಂದಿತು.

ಕಣ್ಣು ಬಿಟ್ಟರೆ, ಗಳುವಿನ ಹಿಂದೆ ಮೂತಿಗಳ ಸಾಲು. ಒಂದೂ ಸಾಯಲಿಲ್ಲ.

ಪೆದ್ದಣ್ಣ ಹೊರಗೆ ಓಡಿ, ಇಳಿಸಿದ ಗೋಡೆಯ ಮೇಲಿಂದ ಕೂಗಿದ: "ಲೇ ಮಾರಣ್ಣಾ! ಬಾರೋ, ಕಣ್ತುಂಬ ನೋಡು!"

ಅವತ್ತು ಸಾರಿಗೆ ಉಪ್ಪು ಬಿತ್ತು. ಹಿಂದಿನ ಬಾಕಿಯೂ ಸೇರಿ ಬಿತ್ತು. ಪೆದ್ದಣ್ಣ ನೀರು ಕುಡಿಕುಡಿದು ಉಂಡ.

ಹಂದಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಾನು ಹೇಳಿದ ಕೊಕ್ಕರೆ, ಇರುವೆಗಳನ್ನು ನಂಬದಿದ್ದರೂ ಬೇಸರವಿಲ್ಲ. ಗಳುವನ್ನು ಮಾತ್ರ ನಂಬಿ. ನಿಮ್ಮ ಹಂದಿ ಮರಿ ಹಾಕುವ ಮುಂಚೆಯೇ ಕಟ್ಟಿ: ಗೇಣು ಎತ್ತರ, ಗೇಣು ದೂರ. ಒಣಹುಲ್ಲು ಹಾಸಿ, ಮೊದಲ ಹಾಲು ಕುಡಿಸಿ, ನೆರಳು ನೀರು ಕೊಡಿ. ಪಕ್ಕದ ಮನೆಯವನ ಕಣ್ಣನ್ನು ಅದರ ಪಾಡಿಗೆ ಬಿಡಿ. ಬೆಟ್ಟದ ಗಂಟೆ ತಾನಾಗಿ ಹೊಡೆದದ್ದು ಕೇಳಿದರೆ ಹೆದರಬೇಡಿ. ದೊರೆಸಾನಿ ಮಲಗಿದೆ, ಮರಿಗಳು ಗಳುವಿನ ಹಿಂದಿವೆ.