ಬೀದಿ ಮುಟ್ಟದ ಬೂಟು

ಡಚ್ಚರ ನಾಡಿನ ವೆಲ್ಡ್‌ಹೋವನ್ನಿನಲ್ಲಿ ಬೆಟ್ಟವಿಲ್ಲ, ಗುಡ್ಡವೂ ಇಲ್ಲ. ಹೆದ್ದಾರಿಯ ಮೇಲೆ ಸೈಕಲ್ಲಿಗೆಂದು ಕಟ್ಟಿರುವ ಸೇತುವೆಯ ಏರಿನಲ್ಲಿ ಏದುಸಿರು ಬಿಟ್ಟವರು ಆಫೀಸಿಗೆ ಹೋಗಿ ಅದನ್ನೇ ದೊಡ್ಡದಾಗಿ ಹೇಳಿಕೊಳ್ಳುತ್ತಾರೆ. ಇಂಥ ಊರಿನಲ್ಲಿ ಕೂತುಕೊಂಡು ಹಿಮದ ಬೆಟ್ಟ ಹತ್ತುವ ಬೂಟು ಹುಡುಕುವವರಿಗೆ ತಲೆ ಕೆಟ್ಟಿದೆ ಎನ್ನಬೇಕು. ವತ್ಸಲಾಗೆ ತಲೆ ಕೆಟ್ಟು ಎರಡು ವರ್ಷವಾಗಿತ್ತು.

ಅವಳು ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಯಂತ್ರದೊಳಗಿನ ಕನ್ನಡಿ ಕಣ್ಣಿಗೆ ಕಾಣದಷ್ಟು ಓರೆಯಾದರೂ ಕಂಡುಹಿಡಿಯುವುದು ಅವಳ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಮಾರ್ಲೂಸ್ ಎಂಬ ಡಚ್ ಹೆಂಗಸು ಅವಳಿಗೆ ಸ್ಕೀ ಹುಚ್ಚು ಹಿಡಿಸಿದಳು. ದೇಶವೆಲ್ಲ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿರುವುದರಿಂದ ಡಚ್ಚರು ದೊಡ್ಡ ಗೋದಾಮಿನೊಳಗೆ ಹಿಮ ಸುರಿದು ಇಳಿಜಾರು ಮಾಡಿಕೊಂಡಿದ್ದಾರೆ. ವತ್ಸಲಾ ಅಲ್ಲೇ ಬಿದ್ದು, ಎದ್ದು, ಕಲಿತಳು. ಕೊರೊನಾ ಬರುವ ಮುಂಚಿನ ಚಳಿಗಾಲದಲ್ಲಿ ಮಾರ್ಲೂಸ್ ಅವಳನ್ನು ಆಸ್ಟ್ರಿಯಾದ ಬೆಟ್ಟಕ್ಕೆ ಕರೆದುಕೊಂಡು ಹೋದಳು. ಎಲ್ಲರ ಹಾಗೆ ಲಿಫ್ಟಿನಲ್ಲಿ ಮೇಲೆ ಹೋಗಿ ಜಾರಿಕೊಂಡು ಬರುವ ಸ್ಕೀಯಲ್ಲ ಅದು. ಸ್ಕೀ ಹಲಗೆಯ ಅಡಿಗೆ ಹಿಂದಕ್ಕೆ ಜಾರದ ಪಟ್ಟಿ ಅಂಟಿಸಿಕೊಂಡು, ತನ್ನ ಕಾಲಿನ ಬಲದಲ್ಲೇ ಬೆಟ್ಟ ಹತ್ತಬೇಕು. ಆಮೇಲೆ ಇಳಿಯುವ ಸುಖ. ಅದಕ್ಕೆ ಸ್ಕೀ ಟೂರಿಂಗ್ ಅನ್ನುತ್ತಾರೆ.

ವತ್ಸಲಾ ಅರ್ಧ ಬೆಟ್ಟ ಹತ್ತಿದಳು. ಬಾಡಿಗೆಗೆ ತಂದ ಬೂಟಿನಲ್ಲಿ ಅವಳ ಕಾಲು ಬಕೆಟ್ಟಿನಲ್ಲಿಟ್ಟ ಸೌಟಿನಂತೆ ಅಲ್ಲಾಡಿ, ಹಿಮ್ಮಡಿಯ ಚರ್ಮ ಸುಲಿದು ರಕ್ತ ಬಂತು. ಉಳಿದವರು ಮೇಲೆ ಹೋದರು. ಇವಳು ಕುಂಟಿಕೊಂಡು ಕೆಳಗೆ ಬಂದಳು. ತುದಿಯಲ್ಲಿ ನಿಂತರೆ ಆಚೆ ಕಡೆ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಾಗಲೇ ಇಲ್ಲ. ಅದನ್ನು ಒಂದು ಸಲ ನೋಡಲೇಬೇಕು ಎಂಬ ಆಸೆ, ಮನೆಯೊಳಗೇ ಕೂತಿದ್ದ ಎರಡು ವರ್ಷವೂ ಅವಳನ್ನು ಬಿಡಲಿಲ್ಲ.

ತಪ್ಪು ಅವಳ ಪಾದದ್ದು. ಉದ್ದ, ಕಿರಿದು, ಮೇಲ್ಗಡೆ ಮಾಂಸವೇ ಇಲ್ಲ. ಹೆಣ್ಣು ನೋಡಲು ಬಂದ ದಿನ ಅತ್ತೆ ಲೀಲಮ್ಮ ಇದೇ ಪಾದವನ್ನು ಲಕ್ಷ್ಮೀಪಾದ ಎಂದು ಹೊಗಳಿದ್ದರು. ಲಕ್ಷ್ಮಿಯದೇನು, ಕಮಲದ ಮೇಲೆ ನಿಂತಿರುತ್ತಾಳೆ, ಅವಳಿಗೆ ಬೂಟಿನ ಯೋಚನೆಯಿಲ್ಲ. ಅಂಗಡಿಗಳಲ್ಲಿ ಸಿಗುವ ಸ್ಕೀ ಬೂಟುಗಳನ್ನೆಲ್ಲ ಅಗಲ ಪಾದದ, ದಪ್ಪ ಮೀನಖಂಡದ ಬೆಟ್ಟದ ರೈತರನ್ನು ನೋಡಿ ಮಾಡಿದ ಹಾಗಿತ್ತು.

ಎರಡು ಸಾವಿರದ ಇಪ್ಪತ್ತೊಂದರ ಡಿಸೆಂಬರಿನಲ್ಲಿ ಮಾರ್ಲೂಸ್ ಮತ್ತೆ ಕರೆದಳು. ಜನವರಿಯ ಕೊನೆಯಲ್ಲಿ ಒಂದು ವಾರ, ಅದೇ ಬೆಟ್ಟ. ವತ್ಸಲಾ ಗಂಡ ಹರಿಪ್ರಸಾದನಿಗೆ ಹೇಳಿದಳು.

ಹರಿಪ್ರಸಾದ ಬೇಡ ಎನ್ನುವ ಗಂಡಸಲ್ಲ. ಮಹಿಳಾ ದಿನಾಚರಣೆಯ ದಿನ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಹೂವಿನ ಚಿತ್ರ ಹಾಕುವವನು ಅವನೇ.

"ಆಫ್ ಕೋರ್ಸ್ ಹೋಗು! ನಿಂಗೆ ಸಪೋರ್ಟ್ ಮಾಡ್ದೆ ಇನ್ಯಾರಿಗೆ ಮಾಡ್ಲಿ? ಆದ್ರೆ ಬೂಟು ಮಾತ್ರ ಪರ್ಫೆಕ್ಟ್ ಆಗಿರ್ಬೇಕು ಕಣೆ. ಸೇಫ್ಟಿ ವಿಷ್ಯ," ಎಂದ.

ಅಂದಿನಿಂದ ಬೂಟಿನ ಖಾತೆಯನ್ನು ಅವನೇ ವಹಿಸಿಕೊಂಡ. ಹಿಮದ ಜೊತೆ ಅವನಿಗಿದ್ದ ಸಂಬಂಧ ಕಾರಿನ ಗಾಜು ಕೆರೆಯುವಷ್ಟೇ. ಆದರೂ ವಾರದೊಳಗೆ ಬೂಟಿನ ಒಳಗಲ, ಹಿಮ್ಮಡಿಯ ಹಿಡಿತ, ಶಾಖ ಕೊಟ್ಟು ಒಳಪದರವನ್ನು ಕಾಲಿಗೆ ಒಗ್ಗಿಸುವ ಬಗೆ, ಎಲ್ಲದರ ಮೇಲೂ ಗಂಟೆಗಟ್ಟಲೆ ಮಾತಾಡುವಷ್ಟು ಪಂಡಿತನಾದ. ಯುಟ್ರೆಕ್ಟಿನಲ್ಲಿ ಕಾಲು ಅಳೆದು ಬೂಟು ಕೂರಿಸಿಕೊಡುವ ಅಂಗಡಿಯೊಂದಿತ್ತು. ವತ್ಸಲಾ ಅಲ್ಲಿ ಸಮಯ ಗೊತ್ತು ಮಾಡಿಕೊಂಡಳು. ಕ್ರಿಸ್‌ಮಸ್ಸಿನ ಮುಂಚಿನ ಶನಿವಾರ ಸಂಜೆ ಸರ್ಕಾರ ಟಿವಿಗೆ ಬಂದು, ಕೊರೊನಾ ಮತ್ತೆ ಏರುತ್ತಿದೆ, ನಾಳೆ ಬೆಳಗಿನಿಂದ ಅಂಗಡಿಗಳೆಲ್ಲ ಬಂದ್ ಎಂದಿತು. ಇನ್ನು ಉಳಿದದ್ದು ಆನ್‌ಲೈನ್.

ಆನ್‌ಲೈನ್ ಅಂಗಡಿಯವರದು ಒಂದೇ ಕಟ್ಟಳೆ. ಮನೆಯೊಳಗೆ ಹಾಕಿಕೊಂಡು ನೋಡಿ, ಬೇಕಾದಷ್ಟು ಹೊತ್ತು ಓಡಾಡಿ. ಸರಿಹೋಗದಿದ್ದರೆ ವಾಪಸ್ ಕಳಿಸಿ. ಹೊರಗೆ ಮಾತ್ರ ಹೆಜ್ಜೆ ಇಡಕೂಡದು. ಅಟ್ಟೆಗೆ ಮಣ್ಣು ತಾಗಿದರೆ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮನೆಯಲ್ಲಿ ಲೀಲಮ್ಮ ಇದ್ದರು. ಕೊರೊನಾದ ಎರಡೂ ಸೂಜಿ ಹಾಕಿಸಿಕೊಂಡು ನವೆಂಬರಿನಲ್ಲಿ ಮೈಸೂರಿನಿಂದ ಬಂದವರು, ಫೆಬ್ರವರಿಯವರೆಗೆ ಇರುವವರು. ಅವರದೂ ಒಂದೇ ಕಟ್ಟಳೆ. ಕಾಲಿಗೆ ಹಾಕುವುದೇನಿದ್ದರೂ ಹೊಸ್ತಿಲಿನಾಚೆ.

ಮೊದಲನೇ ಪೆಟ್ಟಿಗೆ ಬಂದಾಗ ಹರಿಪ್ರಸಾದ ಅಮ್ಮನ ಮುಖ ನೋಡಿ, ಮೀಟಿಂಗ್ ಇದೆ ಎಂದು ಮಹಡಿ ಹತ್ತಿಬಿಟ್ಟ. ವತ್ಸಲಾಳೇ ಹೇಳಬೇಕಾಯಿತು.

"ಅಮ್ಮ, ಇದನ್ನ ಮನೆ ಒಳಗೇ ಹಾಕ್ಕೊಂಡು ನೋಡ್ಬೇಕು. ಆಚೆ ಹಾಕ್ಕೊಂಡ್ರೆ ವಾಪಸ್ ತಗೊಳ್ಳಲ್ವಂತೆ."

ಲೀಲಮ್ಮ ಕನ್ನಡಕ ಏರಿಸಿಕೊಂಡು ಬೂಟನ್ನು ದೂರದಿಂದಲೇ ನೋಡಿದರು. "ಇದನ್ನ ಇನ್ಯಾರಾದ್ರೂ ಹಾಕ್ಕೊಂಡಿದ್ರಾ?"

"ಇಲ್ಲ, ಹೊಸದು."

"ಬೀದಿ ಮುಟ್ಟಿದ್ಯಾ?"

"ಇಲ್ಲಮ್ಮ."

"ಮುಟ್ಟಿದ್ರೆ ತಗೊಳ್ಳೋದೇ ಇಲ್ವಾ? ಒಂದು ಹೆಜ್ಜೆ ಇಟ್ರೂ?"

"ಒಂದು ಹೆಜ್ಜೆ ಇಟ್ರೂ ತಗೊಳ್ಳಲ್ಲ."

"ತೊಳೆದು ಕೊಟ್ರೆ?"

"ಊಹೂಂ."

ಲೀಲಮ್ಮನ ಮುಖ ಅರಳಿತು. ಈ ದೇಶಕ್ಕೆ ಬಂದು ಒಂದು ತಿಂಗಳಾದರೂ ಇಷ್ಟು ಅರ್ಥವಾಗುವ ಮಾತನ್ನು ಅವರು ಕೇಳಿರಲಿಲ್ಲ. "ನೋಡು, ಮಡಿ ಅಂದ್ರೆ ಏನೂಂತ ಗೊತ್ತಿರೋ ಜನ," ಎಂದರು. "ಹಾಗಾದ್ರೆ ಹಾಕ್ಕೋ. ಬೀದಿ ಮುಟ್ಟೋ ತನಕ ಅದು ಚಪ್ಪಲಿ ಅಲ್ಲ. ಪಾತ್ರೆ ಇದ್ದ ಹಾಗೆ."

ಇದೇ ಲೀಲಮ್ಮ ಪೇಪರಿನವನು ಮುಟ್ಟಿದ ಪೇಪರಿಗೆ ನೀರು ಚಿಮುಕಿಸಿದಾಗ ಬಳಗದವರೆಲ್ಲ ಮುಸಿಮುಸಿ ನಕ್ಕಿದ್ದರು, ಯಾವ ಕಾಲದಲ್ಲಿದ್ದಾರೆ ಇವರು ಎಂದು. ಅಂಗಡಿಯವನು ಅದನ್ನೇ ಡಚ್ಚಿನಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ ಅದಕ್ಕೆ ಗ್ರಾಹಕ ನೀತಿ ಎಂದು ಹೆಸರು, ಎಲ್ಲರೂ ತೆಪ್ಪಗೆ ಒಪ್ಪಿಕೊಳ್ಳುತ್ತಾರೆ.

ಒಂದು ತೊಡಕು ಉಳಿಯಿತು. ಬೂಟು ಹತ್ತುವಾಗ ಹೇಗಿರುತ್ತದೆಂದು ನೋಡಲು ಆ ಮನೆಯಲ್ಲಿದ್ದ ಏಕೈಕ ಬೆಟ್ಟವೆಂದರೆ ಮಹಡಿ ಮೆಟ್ಟಿಲು. ಡಚ್ ಮನೆಗಳ ಮೆಟ್ಟಿಲೆಂದರೆ ಏಣಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ಅಭ್ಯಾಸಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಮೆಟ್ಟಿಲ ಕೆಳಗಿನ ಬೀರುವಿನಲ್ಲೇ ದೇವರು ಇದ್ದ. ಲೀಲಮ್ಮ ಯೋಚಿಸಿ, ಪೂಜೆ ಮುಗಿಸಿ ಬೀರುವಿನ ಬಾಗಿಲು ಹಾಕಿದ ಮೇಲೆ ಹತ್ತಬಹುದು ಎಂದು ಅಪ್ಪಣೆ ಕೊಟ್ಟರು.

ಮೊದಲನೇ ಬೂಟು ಅಗಲವಾಯಿತು, ವಾಪಸ್ ಹೋಯಿತು. ಎರಡನೆಯದು ಬಿಳಿ ಬಣ್ಣದ್ದು. ವತ್ಸಲಾ ಕಾಲು ತೂರಿಸಿ, ಕೊಂಡಿ ಹಾಕಿ, ಎದ್ದು ನಿಂತಳು. ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಹಿಮ್ಮಡಿ ಅಲ್ಲಾಡಲಿಲ್ಲ, ಬೆರಳು ಒತ್ತಲಿಲ್ಲ. ಹುಟ್ಟಿದಾಗಿನಿಂದ ಯಾವ ಪಾದರಕ್ಷೆಯೂ ಅವಳ ಕಾಲನ್ನು ಹೀಗೆ ಹಿಡಿದಿರಲಿಲ್ಲ. ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

ಹರಿಪ್ರಸಾದ ಟಾರ್ಚು ಹಿಡಿದು ಬಂದು ಅವಳೆದುರು ಮಂಡಿಯೂರಿದ. ಬೂಟಿನ ಮೇಲೆ ಬೆರಳಿನಿಂದ ತಟ್ಟಿದ, ಒಳಗೆ ಇಣುಕಿದ, ಡಾಕ್ಟರು ಉಸಿರೆಳೆದುಕೊಳ್ಳುವ ಹಾಗೆ ಒಂದು ಸಲ ಎಳೆದುಕೊಂಡ.

"ಪಾದದ ಮೇಲ್ಗಡೆ ಗ್ಯಾಪ್ ಇದೆ ಕಣೆ. ಲೂಸು."

"ನಂಗೆ ಲೂಸ್ ಅನ್ನಿಸ್ತಾ ಇಲ್ವಲ್ಲ ಹರಿ."

"ಇಲ್ಲಿ ಅನ್ಸಲ್ಲ. ಮೂರು ಸಾವಿರ ಮೀಟರ್ ಮೇಲೆ ಅನ್ಸುತ್ತೆ. ಆಗ ಏನ್ಮಾಡ್ತೀಯ? ಬೇಡ, ರಿಸ್ಕ್ ತಗೋಬೇಡ. ನಾನು ಕಳಿಸ್ಬಿಡ್ತೀನಿ."

ಆಫೀಸಿನಲ್ಲಿ ಹತ್ತು ಜನರೆದುರು ಈ ಅಳತೆ ತಪ್ಪು ಎಂದು ಮೇಜು ಕುಟ್ಟಿ ಹೇಳುವ ಹೆಂಗಸು, ಮನೆಯಲ್ಲಿ ತನ್ನ ಕಾಲು ನೋಯುತ್ತಿದೆಯೋ ಇಲ್ಲವೋ ಎಂಬುದನ್ನು ಗಂಡನನ್ನು ಕೇಳಿ ತಿಳಿದುಕೊಂಡಳು. ಬಿಳಿ ಬೂಟು ವಾಪಸ್ ಹೋಯಿತು. ಮೂರನೆಯದು ನಿಜವಾಗಿಯೂ ಕಚ್ಚಿತು.

ಹೊಸ ವರ್ಷ ಬಂತು. ಬೆಟ್ಟದ ಮೇಲಿನ ತಂಗುಮನೆಯಲ್ಲಿ ಜಾಗ ಕಾಯ್ದಿರಿಸಬೇಕು, ಭಾನುವಾರದೊಳಗೆ ಬರುತ್ತೀಯೋ ಇಲ್ಲವೋ ಹೇಳು ಎಂದು ಮಾರ್ಲೂಸ್ ಮೆಸೇಜ್ ಮಾಡಿದಳು. "ಪಾಪ, ನಿನ್ನ ಕಾಲಿಗೆ ಸಿಗ್ತಾನೇ ಇಲ್ವಲ್ಲ. ಮುಂದಿನ ವರ್ಷ ನೋಡೋಣ ಬಿಡು, ನಾನೇ ನಿಂತು ಕೊಡಿಸ್ತೀನಿ," ಎಂದ ಹರಿಪ್ರಸಾದ, ತುಂಬ ಮರುಕದಿಂದ. ಆ ಮರುಕದಲ್ಲಿ ಏನೋ ಒಂದು ಚೂರು ಹೆಚ್ಚಾಗಿದೆ ಎಂದು ವತ್ಸಲಾಗೆ ಅನ್ನಿಸಿತು. ಅವಳು ಯಾರಿಗೂ ಹೇಳದೆ ನಾಲ್ಕನೇ ಜೊತೆ ತರಿಸಿದಳು. ಅದೇ ಕಂಪನಿಯ ಅದೇ ಬೂಟು, ಅದೇ ಅಳತೆ. ಬಣ್ಣ ಮಾತ್ರ ಬಿಳಿಯ ಬದಲು ಕಪ್ಪು.

ಭಾನುವಾರ ಮಧ್ಯಾಹ್ನ ಅವಳು ಅದನ್ನು ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿದಳು. ಹರಿಪ್ರಸಾದ ಮತ್ತೆ ಟಾರ್ಚು ಹಿಡಿದು ಮಂಡಿಯೂರಿದ. ತಟ್ಟಿದ, ಇಣುಕಿದ, ಉಸಿರೆಳೆದುಕೊಂಡ.

"ಇದು ತುಂಬಾ ಟೈಟು."

"ಟೈಟಾ?"

"ಪಾದದ ಮೇಲ್ಗಡೆ ಒತ್ತುತ್ತೆ. ರಕ್ತ ಓಡಲ್ಲ. ಚಳೀಲಿ ಬೆರಳು ಸೆಟೆದು ಹೋಗುತ್ತೆ. ಬಿಚ್ಚು, ನಾನು ರಿಟರ್ನ್ ಚೀಟಿ ಪ್ರಿಂಟ್ ತಗೋತೀನಿ," ಎಂದು ಅವನು ಮಹಡಿಗೆ ಹೋದ.

ವತ್ಸಲಾ ಸೋಫಾದ ಅಂಚಿನಲ್ಲಿ ಕೂತುಬಿಟ್ಟಳು. ಅವನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ಹೆಚ್ಚು. ಹಗಲೆಲ್ಲ ಅಳತೆಯ ಕೆಲಸ ಮಾಡುವ ತನಗೆ ಇಷ್ಟು ದಿನ ಇದು ಹೇಗೆ ಕಾಣಲಿಲ್ಲ?

ಊಟದ ಮೇಜಿನ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಿದ್ದ ಲೀಲಮ್ಮ ತಲೆಯೆತ್ತಲಿಲ್ಲ. "ಇದು ಆವತ್ತಿನ ಬಿಳಿ ಬೂಟೇ ಅಲ್ವೇನೇ? ಬಣ್ಣ ಬೇರೆ ಅಷ್ಟೆ," ಎಂದರು.

"ನಿಮಗೆ ಹೇಗೆ ಗೊತ್ತಾಯ್ತು ಅಮ್ಮ?"

"ನೀನು ಮೆಟ್ಟಿಲು ಹತ್ತೋ ಸದ್ದು ಒಂದೇ ಥರ ಇತ್ತಲ್ಲ. ದೇವ್ರ ತಲೆ ಮೇಲೆ ಯಾರು ನಡೀತಾರೆ ಅಂತ ಕಿವಿ ಕೊಟ್ಟು ಕೇಳ್ದೆ ಇರ್ತೀನಾ?" ಒಂದು ಕಾಯಿ ಮುರಿದು ಬೋಗುಣಿಗೆ ಹಾಕಿದರು. "ಹರಿ ಅಪ್ಪಾನೂ ಬೇಡ ಅಂತ ಒಂದು ದಿನ ಅಂದೋರಲ್ಲ. ಭಜನಾ ಮಂಡಳಿಯೋರು ಬದರಿಗೆ ಹೊರಟ್ರು. ಹೋಗ್ಬಾ ಲೀಲಾ, ಧಾರಾಳವಾಗಿ ಹೋಗ್ಬಾ ಅಂದ್ರು. ಒಂದು ವರ್ಷ ಟ್ರೇನಲ್ಲಿ ಕೆಳಗಿನ ಬರ್ತು ಸಿಗ್ಲಿಲ್ಲ, ಮೇಲೆ ಹತ್ತಕ್ಕೆ ನಿಂಗಾಗಲ್ಲ ಅಂದ್ರು. ಇನ್ನೊಂದು ವರ್ಷ ನನ್ನ ಸ್ವೆಟರ್ ತೆಳುವಾಯ್ತು. ಅದ್ರ ಮುಂದಿನ ವರ್ಷ ದಪ್ಪನೇದು ನಾನೇ ಹೆಣ್ಕೊಂಡೆ. ಇಷ್ಟು ಭಾರ ಹೊತ್ಕೊಂಡು ಹೇಗೆ ನಡೀತೀಯ ಅಂದ್ರು."

"ಆಮೇಲೆ?"

"ಆಮೇಲೇನು. ಮಂಡಳಿಯೋರು ಹೋಗ್ಬಂದ್ರು. ನಂಗೆ ತೀರ್ಥ ತಂದುಕೊಟ್ರು."

ಲೀಲಮ್ಮನ ದನಿಯಲ್ಲಿ ದುಃಖವೇನೂ ಇರಲಿಲ್ಲ, ಹುರುಳಿಕಾಯಿ ಬಲಿತಿದೆ ಎಂದು ಹೇಳುವ ಹಾಗೆಯೇ ಹೇಳಿದರು. ಅದಕ್ಕೇ ವತ್ಸಲಾಳ ಕಣ್ಣಲ್ಲಿ ನೀರು ಬಂತು.

"ಇವ್ನಿಗೆ ನಿನ್ನ ಮೇಲೇನೂ ದ್ವೇಷ ಇಲ್ಲ," ಎಂದು ಲೀಲಮ್ಮ ಮುಂದುವರಿಸಿದರು. "ನನ್ನ ಜೊತೆ ಒಂದು ವಾರ ಒಬ್ನೇ ಇರ್ಬೇಕಲ್ಲ, ಅದಕ್ಕೆ ಹೆದರ್ತಾನೆ. ನಂಗೂ ಅವನ ಜೊತೆ ಇರೋಕೆ ಅಷ್ಟೇನೂ ಆಸೆ ಇಲ್ಲ. ಆದ್ರೂ ಇರ್ತೀನಿ."

ಮಹಡಿಯ ಮೇಲೆ ಪ್ರಿಂಟರು ಕಿರುಗುಟ್ಟುವುದು ಕೇಳಿಸಿತು. ವತ್ಸಲಾ ಎದ್ದು, ಬೂಟಿನ ಕೊಂಡಿಗಳನ್ನು ಇನ್ನೊಂದು ಹಲ್ಲು ಬಿಗಿ ಮಾಡಿ, ಬಾಗಿಲ ಹತ್ತಿರ ಹೋಗಿ ಚಿಲಕ ತೆಗೆದಳು. ಹೊರಗೆ ಜನವರಿಯ ಜಿಟಿಜಿಟಿ ಮಳೆ. ಹೊಸ್ತಿಲ ಮೇಲೆ ಅರೆಗಳಿಗೆ ನಿಂತಳು. ಆಮೇಲೆ ಬಲಗಾಲನ್ನು ಒದ್ದೆ ಇಟ್ಟಿಗೆ ಹಾಸಿನ ಮೇಲಿಟ್ಟಳು, ಎಡಗಾಲನ್ನು ಪಕ್ಕದ ಕೆಸರಿಗೆ ಬೇಕೆಂದೇ ಇಳಿಸಿದಳು. ಕಸದ ಡಬ್ಬದವರೆಗೆ ಟಕಟಕ ನಡೆದು ಹೋಗಿ, ಅಲ್ಲಿಂದ ಹಿಂದಕ್ಕೆ ಬಂದಳು. ನಾಯಿಯನ್ನು ಅಡ್ಡಾಡಿಸಲು ಬಂದಿದ್ದ ಎದುರು ಮನೆಯ ಮುದುಕ, ಬೆಟ್ಟವಿಲ್ಲದ ಊರಿನಲ್ಲಿ ಈ ಬೂಟೇಕೆ ಎಂದು ಕೇಳದೆ, ಸೌಜನ್ಯದಿಂದ ಕೈಯೆತ್ತಿದ.

ಹರಿಪ್ರಸಾದ ಚೀಟಿ ಹಿಡಿದು ಇಳಿದುಬಂದವನು ಬಾಗಿಲಿಗೆ ಓಡಿದ. "ಏಯ್, ಏನ್ ಮಾಡ್ತಿದೀಯ? ವಾಪಸ್ ತಗೊಳ್ಳಲ್ಲ ಕಣೆ!"

"ಗೊತ್ತು."

"ಟೈಟ್ ಇದೆ ಅಂದ್ನಲ್ಲ!"

"ಲೂಸ್ ಅಂತ್ಲೂ ನೀನೇ ಅಂದಿದ್ದೆ. ಇದೇ ಬೂಟಿಗೆ. ಬಿಳೀದಿದ್ದಾಗ," ಎಂದಳು ವತ್ಸಲಾ. "ನನ್ನ ಕಾಲು ಹರಿ ಇದು. ಸರಿಯಾಗಿದೆ. ನಾನು ಹೋಗ್ತಿದೀನಿ."

ಹೇಳಬೇಕಾದ "ಬೇಡ" ಎಂಬ ಒಂದು ಮಾತನ್ನು ಅವನು ಜೀವಮಾನದಲ್ಲೇ ಅಭ್ಯಾಸ ಮಾಡಿರಲಿಲ್ಲ. ಒಳಗೆ ತಿರುಗಿ, "ಅಮ್ಮಾ, ಒಂದು ಒದ್ದೆ ಬಟ್ಟೆ ಕೊಡು, ಅಟ್ಟೆ ಒರೆಸಿಬಿಡೋಣ, ಗೊತ್ತಾಗಲ್ಲ," ಎಂದ.

"ಒರೆಸಿದ್ರೆ ಮೈಲಿಗೆ ಹೋಗುತ್ತೇನೋ?" ಎಂದರು ಲೀಲಮ್ಮ. ಎದ್ದು ಬಂದು, ಹೊಸ್ತಿಲಿನ ಈಚೆಯೇ ನಿಂತು, ಸೊಸೆಯ ಕೆಸರುಕಾಲನ್ನು ನೋಡಿದರು. "ಅದನ್ನ ಇನ್ನು ಒಳಗೆ ತರ್ಬೇಡಮ್ಮ. ಆಚೇನೇ ಬಿಚ್ಚಿಟ್ಟು, ಕಾಲು ತೊಳ್ಕೊಂಡು ಬಂದು ಆ ಹುಡುಗಿಗೆ ಫೋನ್ ಮಾಡು."

ಆಮೇಲೆ ಮಗನ ಕೈಯಿಂದ ಚೀಟಿ ತೆಗೆದುಕೊಂಡು, ಅದರ ಮೇಲೆ ಹುರುಳಿಕಾಯಿ ನಾರು ಸುರಿದು ಮಡಿಚಿ, ಅವನಿಗೇ ವಾಪಸ್ ಕೊಟ್ಟರು.

"ಇದನ್ನ ಕಸಕ್ಕೆ ಹಾಕಿ ಬಾ. ಬಂದು ಅಕ್ಕಿ ತೊಳಿ. ಎಷ್ಟು ನೀರು ಇಡ್ಬೇಕು ಅಂತ ನಾನು ಹೇಳಿಕೊಡ್ತೀನಿ."