ಒಂದೇ ಛಾಪಾ ಕಾಗದ

"ಫೀಸು ಮೊದಲೇ ಕೊಟ್ಬಿಡಿ ಅಮ್ಮಾ. ದಿವಾಳಿ ಅರ್ಜಿ ಹಾಕಿದ ಮೇಲೆ ನಿಮಗೆ ಸಾಲ ಕೊಟ್ಟವರ ಜೊತೆ ನಾನೂ ಕ್ಯೂ ನಿಲ್ಲಬೇಕಾಗುತ್ತೆ" ಎಂದು ವಕೀಲರು ನಕ್ಕರು.

ಅವಳು ನಗದೆ ಲಕೋಟೆಯನ್ನು ಮುಂದಕ್ಕೆ ತಳ್ಳಿದಳು. ಪಕ್ಕದಲ್ಲಿ ಕೂತಿದ್ದ ತಮ್ಮ ಅವಳ ಪಾಲಿನದನ್ನೂ ಸೇರಿಸಿ ನಕ್ಕ.

ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವಳು ಅವಳು. ಅಂಗಡಿ ಮುಚ್ಚಿದಾಗ ತಮ್ಮ ತನ್ನ ಪರಿಚಯದ ವಕೀಲನನ್ನೇ ಹಿಡಿಯೋಣವೆಂದು ವಾರವಿಡೀ ಬೆನ್ನು ಹತ್ತಿದ್ದ. "ಅರ್ಧ ಫೀಸಿಗೆ ಮಾಡ್ಕೊಡ್ತಾನೆ ಅಕ್ಕ, ಜಾಸ್ತಿ ಕೆದಕಲ್ಲ." ಆ ಕೊನೆಯ ಮಾತು ಕೇಳಿಯೇ ಅವಳು, ಕೆದಕುವುದರಲ್ಲಿ ಹೆಸರಾದ ಇವರನ್ನು ಹುಡುಕಿಕೊಂಡು ಬಂದಿದ್ದಳು. ಬೇಡವೆಂದರೂ ತಮ್ಮ ಜೊತೆಗೆ ಹೊರಟಿದ್ದ.

ಹೋದ ವರ್ಷ ಸಾಲ ಕೊಟ್ಟವರು ಬಾಗಿಲು ಬಡಿಯತೊಡಗಿದಾಗ, "ಕಾಗದ ಕತ್ತರಿಸೋ ಯಂತ್ರ ನನ್ನ ಹೆಸರಲ್ಲಿರಲಿ, ಗಲಾಟೆ ತಣ್ಣಗಾದ್ಮೇಲೆ ವಾಪಸ್" ಎಂದಿದ್ದ. ತಣ್ಣಗಾಗುವ ಮೊದಲೇ ಎದುರು ಸಾಲಿನಲ್ಲಿ ತನ್ನದೇ ಅಂಗಡಿ ತೆರೆದ. ಅವಳ ಕೆಲಸಗಾರರನ್ನೂ ಗಿರಾಕಿಗಳನ್ನೂ ಎಳೆದುಕೊಂಡ. ಅವಳು ಕೇಳಲು ಹೋದ ದಿನ, ಅವಳೇ ಕೈ ಹಿಡಿದು ಕೆಲಸ ಕಲಿಸಿದವರ ಮುಂದೆ, "ಯಾವ ಯಂತ್ರ ಅಕ್ಕಾ?" ಎಂದಿದ್ದ. ಯಾರೋ ಕಿಸಕ್ಕೆಂದಿದ್ದರು. ಅವತ್ತಿನಿಂದ ಅವಳು ಅವನೊಂದಿಗೆ ಜಗಳವಾಡಿರಲಿಲ್ಲ.

ವಕೀಲರು ಕನ್ನಡಕ ಏರಿಸಿದರು. "ಎರಡು ವರ್ಷದೊಳಗೆ ನೆಂಟರಿಗೆ ಏನಾದ್ರೂ ಕೊಟ್ಟಿದ್ದೀರಾ? ಮಾರಿದ್ದು, ಹೆಸರು ಬದಲಾಯಿಸಿದ್ದು?"

"ಅಯ್ಯೋ, ಕೊಡೋಕೆ ಏನಿದೆ ಸರ್!" ಎಂದ ತಮ್ಮ.

"ನಿಮ್ಮನ್ನ ಕೇಳಿಲ್ಲ."

ಅವಳು ಚೀಲದಿಂದ, ಯಂತ್ರವನ್ನು ತಮ್ಮನ ಹೆಸರಿಗೆ ಬರೆದುಕೊಟ್ಟ ಛಾಪಾ ಕಾಗದ ತೆಗೆದು ಮೇಜಿನ ಮೇಲಿಟ್ಟಳು.

"ಅಕ್ಕಾ! ಅದನ್ಯಾಕೆ ತಂದೆ?"

"ಯಾವ ಯಂತ್ರ ಅಂತ ಕೇಳಿದ್ಯಲ್ಲಪ್ಪ. ಸರ್ ಓದ್ಕೊಳ್ಳಲಿ ಅಂತ ತಂದೆ."

ವಕೀಲರು ಓದಿದರು. "ಸಾಲ ಇರೋವಾಗ ನೆಂಟರಿಗೆ ಬರ್ಕೊಟ್ಟಿದ್ದು ನಿಲ್ಲಲ್ಲ. ಕೋರ್ಟು ಯಂತ್ರನ ಎಳ್ಕೊಂಡು ಹರಾಜು ಹಾಕುತ್ತೆ."

ತಮ್ಮನ ಮುಖದಿಂದ ರಕ್ತ ಇಳಿಯುವುದನ್ನು ಅವಳು ಕಣ್ತುಂಬ ನೋಡಿದಳು. ಅಷ್ಟರಲ್ಲಿ ವಕೀಲರ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಪುಸ್ತಕ ಹೊಲಿಯೋ ಯಂತ್ರ ಅಂತಾನೂ ಇದೆ. ನಿಮ್ಮ ಮಗಳಿಗೆ."

ಇನ್ನೊಂದು ಛಾಪಾ ಕಾಗದದ ಖರ್ಚು ಯಾಕೆಂದು ಅಂದು ತಮ್ಮನೇ ಎರಡನ್ನೂ ಒಂದರಲ್ಲೇ ಬರೆಸಿದ್ದ. ಗಂಡ ಬಿಟ್ಟುಹೋದ ಮಗಳು ಆ ಯಂತ್ರದಲ್ಲಿ ನೋಟ್‌ಬುಕ್ ಹೊಲಿದು ಎರಡು ಮಕ್ಕಳನ್ನು ಸಾಕುತ್ತಿದ್ದಳು.

"ಹೋದ್ರೆ ಎರಡೂ ಹೋಗುತ್ತೆ. ಅರ್ಧ ಹರಿದು ಕೊಡೋಕಾಗಲ್ಲ" ಎಂದರು ವಕೀಲರು. "ಕೇಸು ನನ್ನ ಕೈಗೆ ಬಂದ್ರೆ ನಾನಿದನ್ನ ಮುಚ್ಚಿಡಲ್ಲ. ಬೇಡ ಅಂದ್ರೆ ಈಗಲೇ ಹೇಳಿ, ಫೀಸು ವಾಪಸ್ ತಗೊಂಡು ಹೋಗಿ."

ತಮ್ಮನಿಗೆ ಉಸಿರು ಮರಳಿತು. "ಎದ್ದೇಳು ಅಕ್ಕ. ನನ್ನ ಮೇಲಿನ ಸಿಟ್ಟಿಗೆ ಮಗಳ ಹೊಟ್ಟೆ ಮೇಲೆ ಹೊಡೀತೀಯಾ?"

ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ.

"ಸಹಿ ಎಲ್ಲಿ ಹಾಕ್ಬೇಕು ಸರ್?"

ವಕಾಲತ್ತಿನ ಹಾಳೆ, ಅರ್ಜಿಯ ಹಾಳೆಗಳು, ಒಂದೊಂದಾಗಿ ಮುಂದೆ ಬಂದವು. ಮೂರನೆಯದಕ್ಕೆ ಸಹಿ ಹಾಕುವಾಗ ತಮ್ಮನ ಕುರ್ಚಿ ಹಿಂದಕ್ಕೆ ಸರಿಯಿತು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಇಳಿದುಹೋಯಿತು.

ಎಲ್ಲ ಮುಗಿದ ಮೇಲೆ ಅವಳು, ರಟ್ಟು ಕಟ್ಟುವ ಮುನ್ನ ಮಾಡುವಂತೆ, ಹಾಳೆಗಳನ್ನು ಒಟ್ಟುಮಾಡಿ ಮೇಜಿಗೆ ತಟ್ಟಿದಳು. ತಿರುಗಿಸಿ ಇನ್ನೊಂದು ಅಂಚು ತಟ್ಟಿದಳು. ವಕೀಲರು ಹಾಳೆಗಳಿಗಾಗಿ ಕೈ ಚಾಚಿಕೊಂಡೇ ಇದ್ದರು. ಅವಳು ಮತ್ತೆ ತಿರುಗಿಸಿ, ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒಳಗೆ ಒತ್ತುತ್ತಿದ್ದಳು.